ಕಾಳಿನ ಡಬ್ಬಕ್ಕಿಂತ ಮಣ್ಣಿನ ಬಟ್ಟಲೇ ಸರಿ

ಫೆಬ್ರವರಿ ಮೊದಲ ವಾರ ಹಕ್ಕಿಗಳಿಗೆ ಕಾಳು ಹಾಕುವ ಡಬ್ಬವೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. 649 ರೂಪಾಯಿ. ಉದ್ದನೆಯ ಪ್ಲಾಸ್ಟಿಕ್ ಕೊಳವೆ, ನಾಲ್ಕು ಕಿಂಡಿ, ಕಿಂಡಿಗೊಂದು ಕೂರುವ ಕಡ್ಡಿ, ಮೇಲೊಂದು ಕೊಕ್ಕೆ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ ಹಿಂದೆ, ಕಾಫಿ ಕಣದ ಅಂಚಿನ ಪೇರಳೆ ಮರಕ್ಕೆ ನೇತುಹಾಕಿದೆ. ಎರಡೂವರೆ ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ವಸಂತದಲ್ಲಿ ವಲಸೆ ಹಕ್ಕಿಗಳು ನಿಮ್ಮ ಹಿತ್ತಲಿಗೇ ಬರುತ್ತವೆ ಅಂತ ಪೆಟ್ಟಿಗೆಯ ಮೇಲೆ ಬರೆದಿತ್ತು. ಪಕ್ಕದಲ್ಲಿ ಎದೆಗೆ ಕೆಂಪು ಬಳಿದಂತಿರುವ ಗ್ರೋಸ್‌ಬೀಕ್ ಹಕ್ಕಿಯ ಚಿತ್ರ. ಅದು ಅಮೆರಿಕದ ಹಕ್ಕಿ. ಚಳಿಗಾಲವನ್ನು ದಕ್ಷಿಣದಲ್ಲಿ ಕಳೆದು ಏಪ್ರಿಲ್-ಮೇನಲ್ಲಿ ಉತ್ತರಕ್ಕೆ ಮರಳುತ್ತದೆ, ಸೂರ್ಯಕಾಂತಿ ಬೀಜ ಕಂಡರೆ ಹಿತ್ತಲಿಗೂ ಇಳಿಯುತ್ತದೆ. ಅಲ್ಲಿನವರು ಓರಿಯೋಲ್ ಹಕ್ಕಿಗೆ ಕಿತ್ತಳೆಯನ್ನು ಅರ್ಧ ಹೆಚ್ಚಿ ಇಡುತ್ತಾರೆ. ನಾನೂ ಇಟ್ಟೆ, ನಮ್ಮ ಮರದ ಕೊನೆಯ ಕಿತ್ತಳೆ. ಪಿಕಳಾರಗಳು ಬಂದು ತಿಂದವು, ಉಳಿದದ್ದಕ್ಕೆ ಇರುವೆ ಮುತ್ತಿತು.

ನಮ್ಮಲ್ಲಿ ಲೆಕ್ಕ ಉಲ್ಟಾ ಅಲ್ವಾ? ದೂರದ ಹಕ್ಕಿಗಳು ಇಲ್ಲಿಗೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಂದು, ಕಾಫಿ ಹೂ ಬಿಟ್ಟು ಉದುರುವ ಹೊತ್ತಿಗೆ ಹೊರಡಲು ಶುರು ಮಾಡುತ್ತವೆ. ವಸಂತದಲ್ಲಿ ನಾವು ಕಾಯುವುದು ಹೊರಟು ನಿಂತವರನ್ನು. ಇನ್ನೊಂದು ವಿಷಯ, ಅವುಗಳಲ್ಲಿ ಹೆಚ್ಚಿನವು ಹುಳ ತಿನ್ನುವಂಥವು. ನೊಣಹಿಡುಕ, ಎಲೆ ಉಲಿಯಕ್ಕಿ, ನವರಂಗ, ಇವಕ್ಕೆ ಸೂರ್ಯಕಾಂತಿ ಬೀಜ ಯಾಕೆ ಬೇಕು? ನನ್ನ ಡಬ್ಬಕ್ಕೆ ಬಂದದ್ದು ಗಿಳಿ, ಅಳಿಲು, ನವಣೆ ಹಾಕಿದ ಮೇಲೆ ಮುನಿಯಗಳ ಒಂದು ಗುಂಪು. ಎಲ್ಲಾ ನಮ್ಮೂರಿನವೇ. ಬಂದದ್ದಕ್ಕೆ ಖುಷಿ ಆಯಿತು, ಆದರೆ ನಾನು ಕಾದಿದ್ದು ಅವಕ್ಕಲ್ಲ.

ಡಬ್ಬದ ದೊಡ್ಡ ದೋಷ ಅದರ ತಳ. ನೀರು ಸೋರಿ ಹೋಗಲು ಒಂದು ತೂತೂ ಇಲ್ಲ. ಮಾರ್ಚ್‌ನಲ್ಲಿ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದ ಮೂರನೇ ದಿನ ಬಿಚ್ಚಿ ನೋಡಿದರೆ ಕೆಳಗಿನ ಕಾಳು ಮುದ್ದೆಯಾಗಿ ಬೂಷ್ಟು ಹಿಡಿದಿತ್ತು. ಬೂಷ್ಟು ಹಿಡಿದ ಕಾಳು ತಿಂದರೆ ಹಕ್ಕಿಗಳಿಗೆ ಕಾಯಿಲೆ ಬರುತ್ತದೆ. ಅದು ನೆನಪಾಗಿ ಹೊಟ್ಟೆ ಕಿವಿಚಿದಂತಾಯಿತು. ಕಾದ ಮೊಳೆಯಿಂದ ಆರು ತೂತು ಮಾಡಿದೆ, ಈಗ ಪರವಾಗಿಲ್ಲ. ಪೂರ್ತಿ ಬಿಚ್ಚಿ ತೊಳೆಯಬಹುದು, ಅದೊಂದು ಒಳ್ಳೆಯದು.

ಅದೇ ಮಾರ್ಚ್‌ನಲ್ಲಿ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಅಗಲವಾದ ಮಣ್ಣಿನ ಬಟ್ಟಲೊಂದು ಸಿಕ್ಕಿತು. 120 ರೂಪಾಯಿ. ಆಳ ಎರಡು ಬೆರಳಷ್ಟೇ. ಒಳಗೆ ಒಂದು ಚಪ್ಪಟೆ ಕಲ್ಲಿಟ್ಟು, ನೀರು ತುಂಬಿ, ಹಾಲುವಾಣ ಮರದ ನೆರಳಲ್ಲಿ ಇಟ್ಟೆ. ಒಳಮೈ ದೊರಗಾಗಿದೆ, ಹಕ್ಕಿಯ ಕಾಲು ಜಾರುವುದಿಲ್ಲ.

ಆರನೇ ದಿನ ಬೆಳಿಗ್ಗೆ, ಹಿಂದಿನ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. ಕಾಫಿ ಗಿಡದ ಕೆಳಗಿನ ಕೊಂಬೆಯಲ್ಲಿ ಏನೋ ನೀಲಿ ಕಂಡಿತು. ಬಂಡೆ ಸಿಳ್ಳಾರ, ಗಂಡು. ನೀಲಿ ನೆತ್ತಿ, ಇಟ್ಟಿಗೆ ಬಣ್ಣದ ಎದೆ, ರೆಕ್ಕೆಯಲ್ಲಿ ಸುಣ್ಣದ ಬೊಟ್ಟಿನಂಥ ಬಿಳಿ ಗುರುತು. ಸುಮಾರು ಹತ್ತು ನಿಮಿಷ ಅಲ್ಲಾಡದೆ ಕೂತಿತ್ತು, ನಾನೂ ಅಲ್ಲಾಡಲಿಲ್ಲ. ಆಮೇಲೆ ಕಲ್ಲಿನ ಮೇಲೆ ಇಳಿಯಿತು. ಮೊದಲು ಒಂದು ಗುಟುಕು, ಕತ್ತೆತ್ತಿ ನುಂಗಿತು. ಮತ್ತೊಂದು. ಆಮೇಲೆ ಎದೆಯನ್ನು ನೀರಿಗೆ ಒತ್ತಿ ರೆಕ್ಕೆ ಪಟಪಟ ಬಡಿಯಿತು. ಹನಿಗಳು ಕಣದ ಸಿಮೆಂಟಿನವರೆಗೂ ಹಾರಿದವು. ಈ ಹಕ್ಕಿ ಮರಿ ಮಾಡುವುದು ಹಿಮಾಲಯದಲ್ಲಿ. ಅಷ್ಟು ದೂರ ಹಾರಬೇಕಾದ ಜೀವ ನಮ್ಮ ಬಟ್ಟಲಲ್ಲಿ ಮೀಯುತ್ತಿದೆ ಅನ್ನಿಸಿ ಕಣ್ಣು ತುಂಬಿತು.

ಆಮೇಲೆ ಉಲಿಯಕ್ಕಿಗಳು ಬಂದವು, ನೀಲಿ ನೊಣಹಿಡುಕ ಎರಡು ಸಲ ಬಂತು.

ಕೊಡಗಿನಲ್ಲಿ ಇರುವವರಿಗೆ ನನ್ನ ಮಾತು ಇಷ್ಟೇ. ಡಬ್ಬಕ್ಕೆ ಐದರಲ್ಲಿ ಎರಡು, ಬಟ್ಟಲಿಗೆ ಐದಕ್ಕೆ ಐದು. ನೀರು ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ತೆಂಗಿನ ನಾರಿನಿಂದ ಉಜ್ಜಿದರೆ ಸಾಕು, ಸೋಪು ಬೇಡ. ಬೆಕ್ಕು ಅಡಗುವ ಪೊದೆಯಿಂದ ಸ್ವಲ್ಪ ದೂರ ಇಡಿ. ಮರಕ್ಕೆ, ಕಾಫಿಗೆ ಔಷಧಿ ಹೊಡೆಯುವುದು ಕಡಿಮೆ ಮಾಡಿದಷ್ಟೂ ಹುಳ ಜಾಸ್ತಿ, ಹಕ್ಕಿಯೂ ಜಾಸ್ತಿ.

ಏಪ್ರಿಲ್ ಮಧ್ಯದ ಎಡಮ್ಯಾರ್, ಅಂದರೆ ಕೊಡವರ ಹೊಸ ವರ್ಷದ ಹಬ್ಬದ ಮಾರನೇ ದಿನದಿಂದ ಸಿಳ್ಳಾರ ಕಂಡಿಲ್ಲ. ಬಟ್ಟಲಿಗೆ ಈಗ ಮಡಿವಾಳ ಹಕ್ಕಿ ಬರುತ್ತಿದೆ.