ಶ್ರೀಲಂಕಾದಲ್ಲಿ ಸೆಲ್ಫ್ ಡ್ರೈವ್ ಕಾರು ಬುಕ್ ಮಾಡುವ ಮುಂಚೆ ಇದನ್ನು ಓದಿ

ಶ್ರೀಲಂಕಾಕ್ಕೆ ಹೋಗಿ ಕಾರು ಬಾಡಿಗೆಗೆ ತಗೊಂಡು, ನಾವೇ ಓಡಿಸಿಕೊಂಡು ಸುತ್ತಬೇಕು ಅಂತ ಯಾರಾದರೂ ಅಂದುಕೊಂಡಿದ್ದರೆ, ಅಡ್ವಾನ್ಸ್ ಕಳಿಸುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ವಾಪಸ್ ಬಂದು ಹನ್ನೊಂದು ದಿನ ಆಯಿತು. ನನಗೆ ಇನ್ನೂ ಸರಿಯಾಗಿ ನಿದ್ದೆ ಬರುತ್ತಿಲ್ಲ. ಹೋದದ್ದು ಲಕ್ಷಗಟ್ಟಲೆ ದುಡ್ಡಲ್ಲ, ನಿಜ. ಆದರೆ ಬೆಳಗಿನ ಜಾವ ನಾಲ್ಕು ಗಂಟೆಗೆ ಏರ್‌ಪೋರ್ಟ್ ಪಾರ್ಕಿಂಗಿನಲ್ಲಿ, ಅತ್ತೆಯ ಎದುರಿಗೆ, ಮಗಳ ಎದುರಿಗೆ, ನಮ್ಮದೇ ದುಡ್ಡು ವಾಪಸ್ ಕೊಡಪ್ಪ ಅಂತ ಒಬ್ಬ ಹುಡುಗನ ಹತ್ತಿರ ಬೇಡಿಕೊಂಡೆನಲ್ಲ, ಅದು ಮನಸ್ಸಿನಿಂದ ಹೋಗುತ್ತಿಲ್ಲ.

ಇಡೀ ಪ್ಲಾನ್ ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಮೊದಲಿಂದಲೂ ಹೇಳಿದ್ದರು, "ಡ್ರೈವರ್ ಸಮೇತ ಕಾರು ತಗೊಳ್ಳೋಣ, ಅಮ್ಮನೂ ಇರ್ತಾರೆ, ಗೊತ್ತಿಲ್ಲದ ಊರು" ಅಂತ. ಪೆಟ್ರೋಲ್, ಡ್ರೈವರ್ ಊಟ, ವಸತಿ ಎಲ್ಲಾ ಸೇರಿ ದಿನಕ್ಕೆ 17,000 ಲಂಕಾ ರೂಪಾಯಿ ಅಂತ ಒಬ್ಬರು ಹೇಳಿದ್ದರು. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಸುಮಾರು ಮೂರೂವರೆ ರೂಪಾಯಿ. ನಾನು ಒಪ್ಪಲಿಲ್ಲ. ಡ್ರೈವರ್ ಇದ್ದರೆ ಮಾತಲೆಯ ಮಸಾಲೆ ತೋಟ, ಕ್ಯಾಂಡಿಯ ರತ್ನದ ಅಂಗಡಿ ಅಂತ ಕಮಿಷನ್ ಸಿಗುವ ಕಡೆಯೆಲ್ಲಾ ನಿಲ್ಲಿಸುತ್ತಾರೆ, ಅರ್ಧ ದಿನ ಅಲ್ಲೇ ಹೋಗುತ್ತದೆ ಅಂತ ವಾದ ಮಾಡಿದೆ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ರಸ್ತೆ ಚೆನ್ನಾಗಿವೆ, ಇವರು ಇಪ್ಪತ್ತು ವರ್ಷದಿಂದ ಆಗುಂಬೆ ಘಾಟಿಯಲ್ಲಿ ಕಾರು ಓಡಿಸಿದವರು. ಮತ್ತೇನು ಕಷ್ಟ? ಹಾಗಂದುಕೊಂಡೇ ಹುಡುಕುತ್ತಾ ಹೋಗಿ, ಕಾರು ಬಾಡಿಗೆಗೆ ಕೊಡುವ ಈ ಮನುಷ್ಯನ ಕೈಗೆ ಸಿಕ್ಕಿದೆ. ವ್ಯಾಗನ್ ಆರ್, ದಿನಕ್ಕೆ 8,500 ಲಂಕಾ ರೂಪಾಯಿ. ಬೇರೆಯವರೆಲ್ಲಾ 12,000ದ ಮೇಲೆ ಹೇಳುತ್ತಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ವಾಟ್ಸಾಪಿನಲ್ಲಿ ಅವನು ನನ್ನನ್ನು "ಸಿಸ್ಟರ್" ಅಂತಲೇ ಕರೆಯುತ್ತಿದ್ದ. ರಾತ್ರಿ ಹನ್ನೊಂದಕ್ಕೆ ಕೇಳಿದರೂ ಎರಡು ನಿಮಿಷದಲ್ಲಿ ಉತ್ತರ. ನಾನು ನೇರವಾಗಿಯೇ ಕೇಳಿದ್ದೆ, "ದಿನಕ್ಕೆ ಇಷ್ಟೇ ಕಿಲೋಮೀಟರ್ ಅಂತ ಲಿಮಿಟ್ ಇದೆಯಾ?" ಅಂತ. ಉತ್ತರ ಬಂತು: "ನೋ ವರಿ ಸಿಸ್ಟರ್, ಯು ಎಂಜಾಯ್ ಶ್ರೀಲಂಕಾ." ನಾನು ಅದನ್ನು ಲಿಮಿಟ್ ಇಲ್ಲ ಅಂತ ಓದಿಕೊಂಡೆ. ನೀವಾಗಿದ್ದರೂ ಹಾಗೇ ಓದಿಕೊಳ್ಳುತ್ತಿದ್ದಿರಿ, ಅಲ್ವಾ? ಈ ಒಂದು ಸಾಲನ್ನು ಈಗ ನೂರು ಸಲ ತೆಗೆದು ನೋಡಿದ್ದೇನೆ. ಅದರಲ್ಲಿ ಇಲ್ಲ ಅನ್ನುವ ಮಾತೇ ಇಲ್ಲ.

ಲೈಸೆನ್ಸ್ ವಿಷಯ ಇನ್ನೊಂದು. ನಮ್ಮ ಆರ್‌ಟಿಒದಲ್ಲಿ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇವರ ಹತ್ತಿರ ಇತ್ತು. ಆದರೆ ಅದಕ್ಕೆ ಕೊಲಂಬೊದಲ್ಲಿ ಆಟೋಮೊಬೈಲ್ ಅಸೋಸಿಯೇಷನ್ ಆಫ್ ಸಿಲೋನ್ ಆಫೀಸಿನಿಂದ ಮಾನ್ಯತೆ ಹಾಕಿಸಬೇಕು ಅಂತ ಓದಿದ್ದೆ. ನಾವು ಇಳಿಯುವುದು ಶುಕ್ರವಾರ ರಾತ್ರಿ, ಮರುದಿನವೇ ಸಿಗಿರಿಯಾ ಕಡೆ ಹೊರಡಬೇಕು. "ನೀವು ಬರುವುದೇ ಬೇಡ, ಕಾಪಿ ಕಳಿಸಿ, 6,000 ಕೊಡಿ, ನಾವೇ ಮಾಡಿಸಿ ಇಡುತ್ತೇವೆ" ಅಂದ. ಕಳಿಸಿದೆ. ಪಾಸ್‌ಪೋರ್ಟ್ ಕಾಪಿ ಸಮೇತ.

ಕಟುನಾಯಕ ಏರ್‌ಪೋರ್ಟಿನಲ್ಲಿ ಇಳಿದು ಹೊರಗೆ ಬರುವಾಗ ರಾತ್ರಿ ಹನ್ನೊಂದೂವರೆ. ಜೋರು ಮಳೆ. ಕಾರು ತಂದವನು ಇಪ್ಪತ್ತೆರಡು ವರ್ಷದ ಹುಡುಗ. ಬಂದ ಕೂಡಲೇ ಅವಸರ ಶುರು ಮಾಡಿದ. ಪಾರ್ಕಿಂಗ್ ಚಾರ್ಜ್ ಏರುತ್ತಿದೆ, ಬೇಗ ಸಹಿ ಹಾಕಿ ಅಂತ. ಕಾರ್ಡ್ ಮೆಷಿನ್ ಕೆಟ್ಟಿದೆ, ಡಿಪಾಸಿಟ್ 75,000 ಕ್ಯಾಶ್ ಕೊಡಿ ಅಂದ. ಅಂದರೆ ನಮ್ಮ ಇಪ್ಪತ್ತೊಂದು ಸಾವಿರ. ಟ್ರಿಪ್ಪಿಗೆ ಅಂತ ಬದಲಾಯಿಸಿಕೊಂಡಿದ್ದ ಕ್ಯಾಶ್ ಸಾಲಲಿಲ್ಲ. ಇವರು ಮತ್ತೆ ಒಳಗೆ ಹೋಗಿ ಬದಲಾಯಿಸಿಕೊಂಡು ಬಂದರು. ಅಷ್ಟೂ ಹೊತ್ತು ಅತ್ತೆ ಕಾಲು ನೋವು ಅಂತ ಕಾರಿನ ಮುಂದಿನ ಕಟ್ಟೆ ಕಲ್ಲಿನ ಮೇಲೆ ಕೂತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ನಾನು ಮೊಬೈಲ್ ಬೆಳಕಿನಲ್ಲಿ ಸಹಿ ಹಾಕಿದೆ. ಓದಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದೆ, ವಿಡಿಯೋ ಮಾಡಲಿಲ್ಲ. ಯಾಕೆಂದರೆ ಎರಡು ದಿನ ಮುಂಚೆ ಅವನೇ ಕಾರಿನ ವಿಡಿಯೋ ಕಳಿಸಿದ್ದ, ನಾನು ಹೆಬ್ಬೆರಳು ಒತ್ತಿ "ಓಕೆ ಥ್ಯಾಂಕ್ಸ್" ಅಂದಿದ್ದೆ. ಲೈಸೆನ್ಸ್ ಪೇಪರ್ ಅಂತ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಕೊಟ್ಟ. ಅದನ್ನೂ ಸರಿಯಾಗಿ ನೋಡದೆ ಬ್ಯಾಗಿಗೆ ಹಾಕಿಕೊಂಡೆ.

ಟ್ರಿಪ್ ಬಗ್ಗೆ ಸುಳ್ಳು ಹೇಳುವುದಿಲ್ಲ, ದೇಶ ತುಂಬಾ ಚೆನ್ನಾಗಿದೆ. ಜನರೂ ಒಳ್ಳೆಯವರು. ಸಿಗಿರಿಯಾ ಬಂಡೆ ಕೋಟೆಯಲ್ಲಿ ನಮ್ಮ ದೇಶವೂ ಸೇರಿರುವ ಸಾರ್ಕ್ ದೇಶದವರಿಗೆ ಬೇರೆ ವಿದೇಶಿಯರಿಗಿಂತ ಕಡಿಮೆ ಟಿಕೆಟ್ ದರ ಇದೆ, ಪಾಸ್‌ಪೋರ್ಟ್ ಕೈಯಲ್ಲಿ ಇಟ್ಟುಕೊಂಡು ಹೋಗಿ. ಸೀತೆಯ ದೇವಸ್ಥಾನ ಇರುವ ಸೀತಾ ಎಲಿಯದಲ್ಲಿ ಅತ್ತೆ ಹೊಳೆ ಹತ್ತಿರ ಹನುಮಂತನ ಹೆಜ್ಜೆ ಅನ್ನುವ ಗುರುತಿನ ಮುಂದೆ ಅರ್ಧ ಗಂಟೆ ಕೂತುಬಿಟ್ಟರು. ಅವರ ಆ ಮುಖ ನೋಡಿ ಬಂದದ್ದು ಸಾರ್ಥಕ ಅನಿಸಿತು. ‘ಎಲ್ಲ’ ಅನ್ನುವ ಊರಿನಲ್ಲಿ ನೈನ್ ಆರ್ಚ್ ಸೇತುವೆ ಮೇಲೆ ರೈಲು ಬರುವುದನ್ನು ಮಗಳು ಎರಡು ಸಲ ನೋಡಿದಳು.

ಆದರೆ ಕಾರು! ವ್ಯಾಗನ್ ಆರ್ ಅಂದರೆ ನಮ್ಮ ಊರಿನ ವ್ಯಾಗನ್ ಆರ್ ಅಂದುಕೊಂಡಿದ್ದೆವು. ಕೊಟ್ಟದ್ದು ಜಪಾನಿನಿಂದ ಬಂದದ್ದು, ಎಂಜಿನ್ ಬರೀ 660 ಸಿಸಿ. ಅಲ್ಲಿ ಇಂಥ ಕಾರುಗಳು ತುಂಬಾ ಓಡಾಡುತ್ತವೆ. ಊರೊಳಗೆ ಓಡಿಸಲು ಚೆನ್ನಾಗಿರುತ್ತದೆ. ನಾಲ್ಕು ಜನ, ನಾಲ್ಕು ಬ್ಯಾಗು ಹಾಕಿಕೊಂಡು ಕ್ಯಾಂಡಿಯಿಂದ ನುವರ ಎಲಿಯ ಹತ್ತಬೇಕು ಅಂದರೆ ಏದುಸಿರು ಬಿಡುತ್ತದೆ. ಎಪ್ಪತ್ತೇಳು ಕಿಲೋಮೀಟರು ದಾರಿ, ರಂಬೋಡ ದಾಟಿದ ಮೇಲೆ ತಿರುವಿನ ಮೇಲೆ ತಿರುವು, ಹಿಂದೆ ಹಾರ್ನ್ ಹೊಡೆಯುವ ಬಸ್ಸು. ನಾಲ್ಕು ಗಂಟೆ ಹಿಡಿಯಿತು. ಇವರು ಎಸಿ ಆಫ್ ಮಾಡಿ ಹತ್ತಿಸಿದರು.

ಎಲ್ಲದಿಂದ ಕೆಳಗಿಳಿದು ವೆಲ್ಲವಾಯ ದಾಟಿದ ಮೇಲೆ ಪೊಲೀಸರು ನಿಲ್ಲಿಸಿದರು. ಮರ್ಯಾದೆಯಿಂದಲೇ ಮಾತಾಡಿದರು. ಲ್ಯಾಮಿನೇಟ್ ಹಾಳೆ ತಿರುಗಿಸಿ ನೋಡಿ, ಇದರಲ್ಲಿ ಸೀಲೇ ಇಲ್ಲ, ಇದನ್ನು ಯಾರು ಕೊಟ್ಟರು ಅಂತ ಕೇಳಿದರು. ಬರೀ ಜೆರಾಕ್ಸ್! ಕೊಲಂಬೊಗೆ ಹೋಗಿ ಸರಿಯಾಗಿ ಮಾಡಿಸಿಕೊಳ್ಳಿ ಅಂತ ಹೇಳಿ ಬಿಟ್ಟರು. ನಾಲ್ಕು ದಿನ ಸರಿಯಾದ ಲೈಸೆನ್ಸ್ ಇಲ್ಲದೆ ಘಾಟಿಯಲ್ಲಿ ಓಡಿಸಿದ್ದೆವು. ಯಾರಿಗಾದರೂ ತಗುಲಿದ್ದರೆ ಇನ್ಶೂರೆನ್ಸೂ ಇಲ್ಲ, ಏನೂ ಇಲ್ಲ. ಈಗ ನೆನೆಸಿಕೊಂಡರೂ ಕೈ ನಡುಗುತ್ತದೆ. ಅವನಿಗೆ ಮೆಸೇಜ್ ಹಾಕಿದೆ. "ಪೊಲೀಸ್ ಬಿಟ್ಟರಲ್ಲ ಸಿಸ್ಟರ್, ನೋ ಪ್ರಾಬ್ಲಮ್" ಅಂತ ಬಂತು.

ಆಮೇಲೆ ಮಿರಿಸ್ಸಾ, ಗಾಲೆ ಕೋಟೆ ನೋಡಿಕೊಂಡು ಎಕ್ಸ್‌ಪ್ರೆಸ್‌ವೇ ಹಿಡಿದು ಏರ್‌ಪೋರ್ಟ್ ಕಡೆ ಬಂದೆವು. ಗುರುವಾರ ಸಂಜೆಯೇ ಕಾರು ಕೊಟ್ಟುಬಿಡುತ್ತೇವೆ ಅಂದೆವು. "ಹುಡುಗರು ಇಲ್ಲ ಸಿಸ್ಟರ್, ಬೆಳಿಗ್ಗೆ ಏರ್‌ಪೋರ್ಟಿನಲ್ಲೇ ಕೊಡಿ, ನಿಮಗೂ ಸುಲಭ" ಅಂದ. ಈಗ ಅರ್ಥವಾಗುತ್ತಿದೆ. ಇದೇ ಅವನ ಇಡೀ ಲೆಕ್ಕಾಚಾರ.

ಶುಕ್ರವಾರ ಬೆಳಗಿನ ಜಾವ ನಾಲ್ಕು ಗಂಟೆ. ಫ್ಲೈಟಿಗೆ ಮೂರು ಗಂಟೆಯೂ ಇಲ್ಲ. ಅದೇ ಹುಡುಗ ಬಂದ, ಕೈಯಲ್ಲಿ ಟಾರ್ಚ್. ಕಾರಿನ ಸುತ್ತ ಬರಲಿಲ್ಲ. ಬಾಗಿಲು ನೋಡಲಿಲ್ಲ, ಹಿಂದೆ ನೋಡಲಿಲ್ಲ. ನೇರವಾಗಿ ಮುಂದಕ್ಕೆ ಹೋಗಿ, ನೆಲಕ್ಕೆ ಮೊಣಕಾಲು ಊರಿ, ಮುಂದಿನ ಬಂಪರಿನ ಕೆಳಗೆ ಎಡಗಡೆಗೆ ಟಾರ್ಚ್ ಬಿಟ್ಟ. ಅಲ್ಲಿ ಒಂದು ಗೇಣು ಉದ್ದದ ಗೀರು. "ಡ್ಯಾಮೇಜ್ ಸರ್" ಅಂದ.

ಹುಡುಕಲೇ ಇಲ್ಲ ಅವನು! ಎಲ್ಲಿದೆ ಅಂತ ಗೊತ್ತಿದ್ದವನ ಹಾಗೆ ನೇರವಾಗಿ ಅಲ್ಲಿಗೇ ಹೋದ. ಆ ಕ್ಷಣಕ್ಕೇ ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ನಾನೂ ಬಗ್ಗಿ ನೋಡಿದೆ. ಗೀರಿನ ಒಳಗೆಲ್ಲಾ ಹಳೆ ಕೊಳೆ ಕಪ್ಪಗೆ ಗಟ್ಟಿಯಾಗಿತ್ತು. ಆಗ ಹಿಂದಿನಿಂದ ಅತ್ತೆ, "ಇದು ನಾವು ಬಂದ ದಿನವೇ ಇತ್ತಲ್ಲೇ, ನಾನು ಇದರ ಎದುರಿಗೇ ಕೂತಿದ್ದೆ" ಅಂದರು. ಅವರು ನೋಡಿದ್ದರು. ನಾನು ಕೇಳಿರಲಿಲ್ಲ.

ಹುಡುಗ ಫೋನ್ ಹಚ್ಚಿ ಓನರಿಗೆ ಕೊಟ್ಟ. ಒಂದು ವಾರ ಸಿಸ್ಟರ್ ಸಿಸ್ಟರ್ ಅಂದವನು ಈಗ "ಮೇಡಂ" ಅಂದ. "ಮೇಡಂ, ನಾವು ವಿಡಿಯೋ ಕಳಿಸಿದ್ದೆವು, ನೀವು ಓಕೆ ಅಂದಿದ್ದೀರಿ." ಆ ವಿಡಿಯೋದಲ್ಲಿ ನಾಲ್ಕೂ ಕಡೆ ಇದೆ, ಬಂಪರಿನ ಕೆಳಗಡೆ ಮಾತ್ರ ಇಲ್ಲ. ಕಿಲೋಮೀಟರ್ ಲಿಮಿಟ್ ಇಲ್ಲ ಅಂದಿದ್ದಿರಲ್ಲ ಅಂದೆ. "ಇಲ್ಲ ಅಂತ ಎಲ್ಲಿ ಬರೆದಿದ್ದೇನೆ, ತೋರಿಸಿ ಮೇಡಂ. ಅಗ್ರಿಮೆಂಟಿನಲ್ಲಿ ದಿನಕ್ಕೆ 100 ಅಂತ ಇದೆ. ನಿಮ್ಮ ಸಹಿ ಇದೆ." ಇತ್ತು. ಎರಡನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ.

ಹಿಡಿದುಕೊಂಡದ್ದು ಹೀಗೆ. ನಾವು ಓಡಿಸಿದ್ದು 962 ಕಿಲೋಮೀಟರು. ಏಳು ದಿನಕ್ಕೆ 700 ಕಳೆದು ಉಳಿದ 262ಕ್ಕೆ ತಲಾ 75ರಂತೆ 19,650. ಗೀರಿಗೆ 35,000. ರಾತ್ರಿ ಕಾರು ತಂದುಕೊಟ್ಟದ್ದಕ್ಕೆ 5,000. ತೊಳೆಯಲು 2,500. ಒಟ್ಟು 62,150. ನಮ್ಮ ಕೈಗೆ ವಾಪಸ್ ಬಂದದ್ದು 12,850. ನಮ್ಮ ದುಡ್ಡಿನಲ್ಲಿ ಹದಿನೇಳು ಸಾವಿರಕ್ಕೂ ಜಾಸ್ತಿ ಹೋಯಿತು. ಏರ್‌ಪೋರ್ಟಿನಿಂದ ಸಿಗಿರಿಯಾ, ಕ್ಯಾಂಡಿ, ನುವರ ಎಲಿಯ, ಎಲ್ಲ, ಮಿರಿಸ್ಸಾ, ಗಾಲೆ ಸುತ್ತಿ ವಾಪಸ್ ಬರಲು ಎಲ್ಲೂ ಪಕ್ಕಕ್ಕೆ ತಿರುಗದೆ ಹೋದರೂ 700 ಆಗುತ್ತದೆ. ನಮ್ಮ ಊರುಗಳ ಪಟ್ಟಿಯನ್ನು ನಾನು ಅವನಿಗೆ ಮೊದಲೇ ಕಳಿಸಿದ್ದೆ! "ಸೂಪರ್ ಪ್ಲಾನ್ ಸಿಸ್ಟರ್" ಅಂದಿದ್ದ.

ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಅಂದರು ಇವರು. "ಕೊಡಿ ಸರ್, ಸ್ಟೇಷನ್‌ಗೆ ಹೋಗೋಣ, ನಮಗೆ ಟೈಮ್ ಇದೆ" ಅಂದ. ನಮಗೆ ಇಲ್ಲ ಅಂತ ಅವನಿಗೆ ಗೊತ್ತು. ನಾಲ್ಕು ಟಿಕೆಟ್ ಹೋಗುತ್ತದೆ, ಸೋಮವಾರ ಮಗಳಿಗೆ ಪರೀಕ್ಷೆ. ನಾನು ಬೇಡಿಕೊಂಡೆ. ಅರ್ಧವಾದರೂ ಕೊಡಿ ಅಂದೆ. "ಕಂಪನಿ ರೂಲ್ ಮೇಡಂ." ಅತ್ತೆ ನನ್ನ ಕೈ ಹಿಡಿದು ಎಳೆದುಕೊಂಡು ಒಳಗೆ ಹೋದರು. ಫ್ಲೈಟಿನಲ್ಲಿ ಯಾರೂ ಮಾತಾಡಲಿಲ್ಲ. ಇವರು ಒಂದು ಮಾತೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಬಾಡಿಗೆ 59,500, ಡಿಪಾಸಿಟ್ಟಿನಲ್ಲಿ ಮುರಿದುಕೊಂಡದ್ದು 62,150, ಲೈಸೆನ್ಸ್ ಹೆಸರಲ್ಲಿ 6,000. ಒಟ್ಟು 1,27,650. ಪೆಟ್ರೋಲ್ ಬೇರೆ. ಡ್ರೈವರ್ ಸಮೇತ, ಪೆಟ್ರೋಲ್ ಸಮೇತ ಇವರು ಹೇಳಿದ ಕಾರು ತಗೊಂಡಿದ್ದರೆ 1,19,000.

ಮಗಳ ಫೋಟೋಗಳನ್ನೆಲ್ಲಾ ಜಾಲಾಡಿದಾಗ ಸಿಗಿರಿಯಾ ಪಾರ್ಕಿಂಗಿನಲ್ಲಿ ತೆಗೆದದ್ದು ಒಂದು ಸಿಕ್ಕಿತು. ಮೊದಲನೇ ದಿನದ್ದು. ಕಾರಿನ ಮುಂದೆ ಅವಳು ಕೂತಿದ್ದಾಳೆ, ಮೊಣಕಾಲಿನ ಪಕ್ಕ ಅದೇ ಗೀರು. ಕಳಿಸಿದೆ. "ಫೋಟೋ ಕ್ಲಿಯರ್ ಇಲ್ಲ ಮೇಡಂ" ಅಂತ ಬಂತು. ದೊಡ್ಡದು ಮಾಡಿ ಕಳಿಸಿದೆ. "ಡಿಯರ್ ಕಸ್ಟಮರ್, ಯುವರ್ ಫೈಲ್ ಈಸ್ ಕ್ಲೋಸ್ಡ್" ಅಂತ ಬಂತು. ಮೂರನೇ ಸಲ ಕಳಿಸಿದಾಗ ಅವನ ಫೋಟೋ ಮಾಯ. ಬ್ಲಾಕ್ ಮಾಡಿದ್ದಾನೆ.

ಹೋಗಲೇಬೇಕು ಅನ್ನುವವರಿಗೆ ಹೇಳುವುದು ಇಷ್ಟೇ. ಕಾರನ್ನು ಹಗಲು ಹೊತ್ತಿನಲ್ಲೇ ತಗೊಳ್ಳಿ, ಫ್ಲೈಟಿನ ಹಿಂದಿನ ದಿನವೇ ವಾಪಸ್ ಕೊಡಿ. ಏರ್‌ಪೋರ್ಟಿಗೆ ಆಟೋದಲ್ಲಿ ಹೋದರೂ ಪರವಾಗಿಲ್ಲ. ಅವಸರ ಮಾಡಿದರೆ ಅಲ್ಲೇ ಬಿಟ್ಟು ಬನ್ನಿ. ನೆಲಕ್ಕೆ ಬಗ್ಗಿ, ಬಂಪರಿನ ಕೆಳಗೆಲ್ಲಾ ನೀವೇ ವಿಡಿಯೋ ಮಾಡಿ, ಮೀಟರ್ ಕೂಡ. ಕಿಲೋಮೀಟರ್ ಲಿಮಿಟ್ ಇದೆಯಾ ಇಲ್ಲವಾ ಅನ್ನುವುದಕ್ಕೆ ಇದೆ ಅಥವಾ ಇಲ್ಲ ಅಂತ ಉತ್ತರ ಬರುವವರೆಗೆ ದುಡ್ಡು ಕಳಿಸಬೇಡಿ. ಲೈಸೆನ್ಸಿಗೆ ನೀವೇ ಆಫೀಸಿಗೆ ಹೋಗಿ, ಯಾರ ಕೈಗೂ ಕೊಡಬೇಡಿ. ಕ್ಯಾಶ್ ಡಿಪಾಸಿಟ್ ಕೇಳಿದರೆ ಬೇಡವೇ ಬೇಡ. ಅತ್ತೆ, ಅಮ್ಮ ಯಾರಾದರೂ ಜೊತೆಯಲ್ಲಿದ್ದರೆ ಸುಮ್ನೆ ಡ್ರೈವರ್ ಇರುವ ಕಾರೇ ತಗೊಳ್ಳಿ. ಮಸಾಲೆ ತೋಟದಲ್ಲಿ ಅರ್ಧ ಗಂಟೆ ಹೋದರೆ ಹೋಗಲಿ.

ಅವನ ಹೆಸರು ಇಲ್ಲಿ ಹಾಕುತ್ತಿಲ್ಲ. ಹಾಕಿಯೂ ಉಪಯೋಗವಿಲ್ಲ, ಅದೇ ಕಾರಿನ ಫೋಟೋ ಮೊನ್ನೆ ಬೇರೆ ಹೆಸರಿನಲ್ಲಿ, ಬೇರೆ ನಂಬರಿನಲ್ಲಿ ನೋಡಿದೆ. ದರ ಅದೇ, 8,500.

ನಾನು ಇದನ್ನು ಬರೆಯಲು ಇನ್ನೊಂದು ಕಾರಣ ಇದೆ. ಎಲ್ಲದಲ್ಲಿ ಇದ್ದಾಗ, ಇನ್ನೂ ಏನೂ ಗೊತ್ತಾಗುವ ಮುಂಚೆ, ಒಳ್ಳೆಯ ಮನುಷ್ಯ, ತುಂಬಾ ಕಡಿಮೆ ದರ ಅಂತ ಇಬ್ಬರು ಗೆಳತಿಯರಿಗೆ ನಾನೇ ಅವನ ನಂಬರ್ ಕಳಿಸಿದ್ದೆ. ಒಬ್ಬಳಿಗೆ ಫೋನ್ ಮಾಡಿ ತಡೆದೆ. ಇನ್ನೊಬ್ಬಳು ಆಗಲೇ ಅಡ್ವಾನ್ಸ್ 20,000 ಕಳಿಸಿಬಿಟ್ಟಿದ್ದಳು. ನಿನ್ನೆ ಕ್ಯಾನ್ಸಲ್ ಮಾಡುತ್ತೇನೆ, ವಾಪಸ್ ಕೊಡಿ ಅಂತ ಕೇಳಿದ್ದಾಳೆ. ಉತ್ತರ ನನಗೆ ಕಳಿಸಿದಳು: "ನೋ ವರಿ ಸಿಸ್ಟರ್."