‘ಸರ್ಟಿಫೈಡ್ ಥೆರಪಿಸ್ಟ್’ ಎಂಬ ಎರಡು ಪದ ನಂಬಿ ದುಡ್ಡು ಕಟ್ಟಬೇಡಿ

ಮೊದಲು ನಡೆದದ್ದು ಏನು ಅಂತ ಹೇಳಿಬಿಡುತ್ತೇವೆ. ಖಿನ್ನತೆಗೆ ಮನೋವೈದ್ಯರ ಬಳಿ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳಿಗೆ, ಜೊತೆಗೆ ಮಾತಿನ ಚಿಕಿತ್ಸೆಯೂ ಆಗಲಿ ಅಂತ ವೈದ್ಯರೇ ಸಲಹೆ ಕೊಟ್ಟರು. ಆಕೆ ಆನ್‌ಲೈನ್‌ನಲ್ಲಿ ಹುಡುಕಿದಾಗ ಒಂದು ಜಾಹೀರಾತು ಸಿಕ್ಕಿತು. ‘ಸರ್ಟಿಫೈಡ್ ಥೆರಪಿಸ್ಟ್, ಟ್ರಾಮಾ ಎಕ್ಸ್‌ಪರ್ಟ್’ ಎಂಬ ಬಿರುದು, ಹೆಸರಿನ ಮುಂದೆ ‘ಡಾ.’, ಕೆಳಗೆ ಹೊಗಳಿಕೆಯ ರಿವ್ಯೂಗಳ ಸಾಲು. ಹತ್ತು ಸೆಷನ್ ಒಟ್ಟಿಗೆ ತೆಗೆದುಕೊಂಡರೆ ರಿಯಾಯಿತಿ, ಅದೂ ಅವತ್ತು ಒಂದು ದಿನ ಮಾತ್ರ. ಅವರು ಕಟ್ಟಿದರು.

ಮೊದಲ ಎರಡು ಸೆಷನ್ ಚೆನ್ನಾಗಿಯೇ ನಡೆದವು. ಇದನ್ನು ಬೇಕೆಂದೇ ಹೇಳುತ್ತಿದ್ದೇವೆ. ಆ ಕಡೆ ಕೂತಿದ್ದವರು ಅಕ್ಕರೆಯಿಂದ ಕೇಳಿಸಿಕೊಂಡರು, ಸಮಾಧಾನ ಹೇಳಿದರು. ತರಬೇತಿ ಇಲ್ಲದವರನ್ನು ಮಾತಿನಿಂದಲೇ ಕಂಡುಹಿಡಿಯಬಹುದು ಅನ್ನುವುದು ತಪ್ಪು ತಿಳಿವಳಿಕೆ. ಮೂರನೆಯ ಸೆಷನ್‌ನಲ್ಲಿ ‘ಮಾತ್ರೆ ನಿಮ್ಮ ಭಾವನೆಗಳನ್ನು ಅದುಮಿಡುತ್ತಿದೆ, ನಿಲ್ಲಿಸಿಬಿಡಿ’ ಎಂಬ ಸಲಹೆ ಬಂತು. ನಿಲ್ಲಿಸಿದ ಕೆಲವೇ ದಿನಗಳಲ್ಲಿ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟು ಹೊಡೆದಂತೆ ಝುಮ್ಮೆನ್ನುವುದು, ನಿದ್ದೆ ತುಂಬ ಕೆಟ್ಟ ಕನಸು. ಅದಕ್ಕೆ ಸಿಕ್ಕ ವಿವರಣೆ, ‘ಒಳಗಿನ ನೋವು ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ.’ ಐದನೆಯ ಸೆಷನ್‌ನಲ್ಲಿ ಆಕೆ ತನಗೆ ಬದುಕುವುದೇ ಬೇಡ ಅನ್ನಿಸುತ್ತಿದೆ ಎಂದರು. ‘ನೆಗೆಟಿವ್ ಯೋಚನೆ ಮಾಡಬೇಡಿ’ ಎಂಬ ಉತ್ತರದ ನಡುವೆ ಕರೆ ಕಡಿದುಹೋಯಿತು. ಮತ್ತೆ ಕರೆ ಬರಲಿಲ್ಲ. ಆ ಥೆರಪಿಸ್ಟ್ ಬಳಿ ಇವರ ವಿಳಾಸ ಇರಲಿಲ್ಲ, ಮನೆಯವರ ಫೋನ್ ನಂಬರೂ ಇರಲಿಲ್ಲ. ಪಕ್ಕದ ಕೋಣೆಯಲ್ಲೇ ಅವರ ಅಕ್ಕ ಇದ್ದದ್ದರಿಂದ ಆಸ್ಪತ್ರೆ ಸೇರಿದರು, ಈಗ ಕ್ಷೇಮವಾಗಿದ್ದಾರೆ.

ಆಮೇಲೆ ನೋಡಿದರೆ, ಪ್ರೊಫೈಲ್‌ನಲ್ಲಿದ್ದ ‘ರಿಜಿಸ್ಟ್ರೇಷನ್ ನಂಬರ್’ ಒಂದು ಖಾಸಗಿ ತರಬೇತಿ ಸಂಸ್ಥೆಯ ಸದಸ್ಯತ್ವದ ನಂಬರ್. ‘ಡಾ.’ ಬಂದದ್ದು ಮನಸ್ಸಿಗೆ ಸಂಬಂಧವೇ ಇಲ್ಲದ ಒಂದು ವಿಷಯದ ಪಿಎಚ್‌ಡಿಯಿಂದ. ಉಳಿದ ಐದು ಸೆಷನ್ನಿನ ಹಣಕ್ಕೆ ‘ಒಮ್ಮೆ ಕೊಂಡ ಪ್ಯಾಕೇಜ್ ವಾಪಸಿಲ್ಲ’ ಎಂಬ ಉತ್ತರ.

ಮಾತ್ರೆಯ ವಿಷಯ ಇಲ್ಲೇ ಮುಗಿಸೋಣ, ಏಕೆಂದರೆ ಜೀವಕ್ಕೆ ಕುತ್ತು ತರುವುದು ಅದೇ. ಖಿನ್ನತೆಯ ಹಲವು ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಮೇಲೆ ಹೇಳಿದ ತೊಂದರೆಗಳು ಬರಬಹುದು. ಪ್ಯಾರಾಕ್ಸೆಟಿನ್, ವೆನ್ಲಾಫಾಕ್ಸಿನ್‌ನಂಥವು ದೇಹದಿಂದ ಬೇಗ ಖಾಲಿಯಾಗುವುದರಿಂದ ಅವುಗಳಲ್ಲಿ ಹೆಚ್ಚು. ಆತಂಕಕ್ಕೆ, ನಿದ್ದೆಗೆ ಕೊಡುವ ಬೆಂಜೊಡಯಜೆಪಿನ್ ಗುಂಪಿನ ಮಾತ್ರೆಗಳನ್ನು ಬಹುಕಾಲ ತೆಗೆದುಕೊಂಡು ಥಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ನಿಲ್ಲಿಸಬೇಕಾದರೆ ಬರೆದುಕೊಟ್ಟ ವೈದ್ಯರೇ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಡೋಸ್ ಇಳಿಸುತ್ತಾ ಬರುತ್ತಾರೆ. ಮಾತ್ರೆ ಬಿಡಿ ಎಂದು ಸ್ವಂತ ಅಧಿಕಾರದಲ್ಲಿ ಹೇಳುವ ಕೌನ್ಸೆಲರ್ ಜೊತೆ ಮುಂದಿನ ಸೆಷನ್ ಬೇಡ. ಈಗಾಗಲೇ ಬಿಟ್ಟಿದ್ದರೆ ಹಳೆಯ ಡೋಸ್ ಅನ್ನು ನೀವಾಗಿಯೇ ಶುರು ಮಾಡದೆ ವೈದ್ಯರಿಗೆ ಇವತ್ತೇ ಫೋನ್ ಮಾಡಿ. ಸಾಯುವ ಯೋಚನೆ ಬರುತ್ತಿದ್ದರೆ ಸೆಷನ್‌ಗಾಗಿ ಕಾಯಬೇಡಿ, ನೀವಿರುವ ದೇಶದ ತುರ್ತು ಸಂಖ್ಯೆಗೆ ಕರೆ ಮಾಡಿ. ಭಾರತದಲ್ಲಿ ಟೆಲಿ ಮಾನಸ್ 14416, ಅಮೆರಿಕದಲ್ಲಿ 988.

ಇನ್ನು ಪರವಾನಗಿಯ ಮಾತು. ಸರ್ಟಿಫಿಕೇಟ್ ಅನ್ನುವುದು ಒಂದು ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಕಾಗದ. ಆ ಕೋರ್ಸ್ ಎರಡು ವರ್ಷದ್ದೂ ಆಗಿರಬಹುದು, ಎರಡು ದಿನದ್ದೂ ಆಗಿರಬಹುದು. ಪರವಾನಗಿ ಬೇರೆ. ಅದನ್ನು ಕೊಡುವುದು ಕಾನೂನಿನ ಬಲ ಇರುವ ಒಂದು ಮಂಡಳಿ. ಆ ಮಂಡಳಿಯ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಪ್ಪು ಮಾಡಿದವರ ಮೇಲೆ ದೂರು ಕೊಡಬಹುದು, ಮಂಡಳಿ ಅವರ ಹೆಸರು ತೆಗೆದುಹಾಕಬಹುದು. ಥೆರಪಿಸ್ಟ್ ಒಳ್ಳೆಯವರೇ ಎಂಬುದಕ್ಕೆ ಪರವಾನಗಿ ಖಾತರಿಯಲ್ಲ. ಏನಾದರೂ ಕೆಟ್ಟರೆ ಕೇಳುವವರೊಬ್ಬರಿದ್ದಾರೆ ಎಂಬುದಕ್ಕೆ ಖಾತರಿ.

ಯಾವ ಬಿರುದಿಗೆ ಕಾನೂನಿನ ಕಾವಲಿದೆ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಮೋಸ ನುಸುಳುವುದೂ ಈ ಸಂದಿಯಲ್ಲೇ. ಬ್ರಿಟನ್ನಿನಲ್ಲಿ ‘ಕ್ಲಿನಿಕಲ್ ಸೈಕಾಲಜಿಸ್ಟ್’, ‘ಕೌನ್ಸೆಲಿಂಗ್ ಸೈಕಾಲಜಿಸ್ಟ್’ ಎಂದು ಕರೆದುಕೊಳ್ಳಲು ಎಚ್‌ಸಿಪಿಸಿ ಎಂಬ ಅಲ್ಲಿನ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಹೆಸರಿರಲೇಬೇಕು; ಬರೀ ‘ಸೈಕೋಥೆರಪಿಸ್ಟ್’ ಅಥವಾ ‘ಕೌನ್ಸೆಲರ್’ ಎಂದರೆ ಅಂಥ ನಿರ್ಬಂಧವಿಲ್ಲ. ಆಸ್ಟ್ರೇಲಿಯಾದಲ್ಲಿ ‘ಸೈಕಾಲಜಿಸ್ಟ್’ ಎಂಬುದಕ್ಕೆ ಎಎಚ್‌ಪಿಆರ್‌ಎ ಎಂಬ ನೋಂದಣಿ ಸಂಸ್ಥೆಯ ಪಟ್ಟಿ ಇದೆ, ‘ಕೌನ್ಸೆಲರ್’ಗೆ ಅದು ಅನ್ವಯಿಸದು. ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಳಿ.

ಭಾರತದಲ್ಲಿ ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದವರು, ವೈದ್ಯಕೀಯ ಮಂಡಳಿಯಲ್ಲಿ ನೋಂದಾಯಿಸಿಕೊಂಡವರು. ಮಾತ್ರೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಹೆಸರು 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ರಿಜಿಸ್ಟರ್‌ನಲ್ಲಿರುತ್ತದೆ. ಆ ರಿಜಿಸ್ಟರ್‌ನ ನೋಂದಣಿ ನಂಬರೇ ಸಿಆರ್‌ಆರ್ ನಂಬರ್. ಬರೀ ಎಂಎ ಸೈಕಾಲಜಿ ಮುಗಿಸಿದ ಮಾತ್ರಕ್ಕೆ ಆ ನಂಬರ್ ಬರುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಇಲ್ಲೇ ಎಡವುತ್ತಾರೆ: ಅದೇ ರಿಜಿಸ್ಟರ್‌ನಲ್ಲಿ ವಿಶೇಷ ಶಿಕ್ಷಕರು, ವಾಕ್ ಮತ್ತು ಶ್ರವಣ ತಜ್ಞರು ಹೀಗೆ ಹಲವು ವರ್ಗದವರಿದ್ದಾರೆ. ನಂಬರ್ ಅಸಲಿಯೇ ಆಗಿದ್ದರೂ ಅದು ಯಾವ ವರ್ಗದ್ದು ಎಂದು ನೋಡದಿದ್ದರೆ, ವಾಕ್ ತಜ್ಞರ ಬಳಿ ಖಿನ್ನತೆಗೆ ಚಿಕಿತ್ಸೆ ಪಡೆದಂತಾಗುತ್ತದೆ.

ಪರಿಶೀಲನೆಗೆ ಹತ್ತು ನಿಮಿಷ ಸಾಕು. ದುಡ್ಡು ಕಟ್ಟುವ ಮೊದಲೇ ಪೂರ್ತಿ ಹೆಸರು, ಮಂಡಳಿ, ನಂಬರ್ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ, ಮಂಡಳಿಯ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ. ನಂಬರ್‌ನಿಂದ ಒಮ್ಮೆ, ಹೆಸರಿನಿಂದ ಇನ್ನೊಮ್ಮೆ ಹುಡುಕಿ. ವರ್ಗ ಯಾವುದು, ನೋಂದಣಿ ಈಗ ಚಾಲ್ತಿಯಲ್ಲಿದೆಯೇ, ಅವಧಿ ಯಾವಾಗ ಮುಗಿಯುತ್ತದೆ, ಷರತ್ತು ಅಥವಾ ಶಿಸ್ತುಕ್ರಮ ದಾಖಲಾಗಿದೆಯೇ ಎಂದು ನೋಡಿ. ಇನಿಷಿಯಲ್ ಬಿಡಿಸಿ ಬರೆದದ್ದು, ಮದುವೆಯ ನಂತರ ಹೆಸರು ಬದಲಾದದ್ದು, ಇಂಥ ಸಣ್ಣ ವ್ಯತ್ಯಾಸ ಪ್ರಾಮಾಣಿಕರಲ್ಲೂ ಇರುತ್ತದೆ. ಕೇಳಿದರೆ ಅವರು ಬೇಸರಿಸದೆ ದಾಖಲೆ ತೋರಿಸುತ್ತಾರೆ. ‘ನನ್ನ ಮೇಲೆ ನಂಬಿಕೆ ಇಲ್ಲದೆ ಥೆರಪಿ ಹೇಗೆ ಸಾಧ್ಯ?’ ಎಂದು ತಿರುಗಿಸಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಬೇರೊಬ್ಬರ ಅಸಲಿ ನಂಬರನ್ನೇ ಕದ್ದು ಹಾಕಿಕೊಳ್ಳುವವರೂ ಇದ್ದಾರೆ. ಅನುಮಾನ ಬಂದರೆ ಆ ಹೆಸರಿನವರು ಕೆಲಸ ಮಾಡುವ ಆಸ್ಪತ್ರೆ ಅಥವಾ ಕಾಲೇಜಿನ ಫೋನ್ ನಂಬರನ್ನು ಬೇರೆ ಕಡೆಯಿಂದ ಹುಡುಕಿ, ಅಲ್ಲಿಗೇ ಕೇಳಿ. ‘ನಮ್ಮಲ್ಲಿ ಎಲ್ಲರೂ ವೆರಿಫೈಡ್’ ಎಂಬ ಆ್ಯಪ್‌ನ ಹಸಿರು ಗುರುತು ಇದಕ್ಕೆ ಬದಲಿಯಲ್ಲ.

ತರಬೇತಿಯಲ್ಲಿರುವವರನ್ನು ದೂರ ಇಡಿ ಎಂದು ಇದರ ಅರ್ಥವಲ್ಲ. ‘ನಾನಿನ್ನೂ ಕಲಿಯುತ್ತಿದ್ದೇನೆ, ಇಂಥವರು ನನ್ನ ಮೇಲ್ವಿಚಾರಕರು, ಅವರ ನೋಂದಣಿ ಇದು’ ಎಂದು ತಾವೇ ಹೇಳುವ ವಿದ್ಯಾರ್ಥಿಯ ಬಳಿ ಒಳ್ಳೆಯ ಚಿಕಿತ್ಸೆ ಸಿಗಬಹುದು. ಇಪ್ಪತ್ತು ವರ್ಷದ ಅನುಭವ ಇದೆ ಎಂದುಕೊಂಡು ಯಾರಿಗೂ ಉತ್ತರ ಹೇಳಬೇಕಿಲ್ಲದ ‘ಹೀಲರ್’ಗಿಂತ ಅವರು ಎಷ್ಟೋ ಮೇಲು.

ಹೊರದೇಶದಲ್ಲಿದ್ದು ಕನ್ನಡದಲ್ಲೇ ಮಾತಾಡುವ ಥೆರಪಿಸ್ಟ್ ಬೇಕು ಎನ್ನುವವರಿಗೆ ಒಂದು ಮಾತು. ಆಸೆ ನ್ಯಾಯವಾದದ್ದೇ. ಅಳು ಬರುವುದು ತಾಯ್ನುಡಿಯಲ್ಲಿ, ಮನೆಯ ಜಗಳವನ್ನು ಇನ್ನೊಂದು ಭಾಷೆಗೆ ತಿರುಗಿಸಿ ಹೇಳುವಷ್ಟರಲ್ಲಿ ಅದರ ಕಾವೇ ಆರಿಹೋಗಿರುತ್ತದೆ. ಆದರೆ ಪರವಾನಗಿಯ ಲೆಕ್ಕ ಸಾಮಾನ್ಯವಾಗಿ ನಡೆಯುವುದು ಸೆಷನ್ ಹೊತ್ತಿನಲ್ಲಿ ನೀವು ಎಲ್ಲಿ ಕೂತಿದ್ದೀರಿ ಎಂಬುದರ ಮೇಲೆ. ಅಮೆರಿಕದಲ್ಲಂತೂ ನೀವು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದರೂ ಪ್ರಶ್ನೆ ಹೊಸದಾಗಿ ಏಳುತ್ತದೆ. ಸೈಕಾಲಜಿಸ್ಟ್‌ಗಳಿಗಾಗಿ ಸೈಪ್ಯಾಕ್ಟ್ ಎಂಬ ರಾಜ್ಯಗಳ ಒಪ್ಪಂದ ಇರುವುದೇ ಈ ಕಾರಣಕ್ಕೆ. ನೀವಿರುವಲ್ಲಿ ಮಾನ್ಯತೆ ಇಲ್ಲದವರ ರಸೀದಿಗೆ ವಿಮೆ ಹಣ ಕೊಡದೆ ಇರಬಹುದು. ಅದಕ್ಕಿಂತ ದೊಡ್ಡ ತೊಡಕು, ಕಷ್ಟದ ಹೊತ್ತಿನಲ್ಲಿ ಸಾವಿರಾರು ಮೈಲಿ ದೂರದ ಥೆರಪಿಸ್ಟ್ ನಿಮ್ಮೂರಿನ ಆಂಬುಲೆನ್ಸ್ ಕರೆಸುವುದು ಹೇಗೆ? ಮೊದಲು ನೀವಿರುವಲ್ಲೇ ಪರವಾನಗಿ ಇರುವ ಕನ್ನಡದವರನ್ನು ಮಂಡಳಿಯ ಅಥವಾ ವೃತ್ತಿಸಂಘದ ಪಟ್ಟಿಯಲ್ಲಿ ಭಾಷೆ ಆರಿಸಿ ಹುಡುಕಿ. ಸಿಗದೆ ದೂರದವರನ್ನೇ ಆರಿಸಿದರೆ, ಸ್ಥಳೀಯ ವೈದ್ಯರೊಬ್ಬರ ಹೆಸರನ್ನು ಮೊದಲೇ ಅವರಿಗೆ ಕೊಟ್ಟಿಡಿ.

ಮೊದಲ ಸೆಷನ್ ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ. ಆನ್‌ಲೈನ್ ಕೆಲಸ ಬಲ್ಲವರು ಶುರುವಿನಲ್ಲೇ ‘ಈಗ ನೀವು ಯಾವ ವಿಳಾಸದಲ್ಲಿದ್ದೀರಿ? ಒಬ್ಬರೇ ಇದ್ದೀರಾ? ತುರ್ತು ಬಂದರೆ ಯಾರಿಗೆ ಫೋನ್ ಮಾಡಲಿ? ಕರೆ ಕಡಿದರೆ ಯಾವ ನಂಬರ್‌ಗೆ ಮತ್ತೆ ಮಾಡಲಿ?’ ಎಂದು ಕೇಳುತ್ತಾರೆ. ಹಿಂದಿನ ಚಿಕಿತ್ಸೆ, ಈಗಿನ ಮಾತ್ರೆ, ಸಾಯುವ ಯೋಚನೆ ಬಂದದ್ದುಂಟೇ ಎಂಬುದನ್ನು ನೇರವಾಗಿ ವಿಚಾರಿಸುತ್ತಾರೆ. ಹಾಗೆ ಕೇಳುವುದರಿಂದ ಯೋಚನೆ ಹುಟ್ಟಿಕೊಳ್ಳುವುದಿಲ್ಲ, ಕೇಳದಿರುವುದೇ ಅಪಾಯ. ಗೋಪ್ಯತೆ ಎಲ್ಲಿಯವರೆಗೆ, ಯಾವಾಗ ಮುರಿಯಬೇಕಾಗುತ್ತದೆ, ಟಿಪ್ಪಣಿ ಎಲ್ಲಿಡುತ್ತಾರೆ, ರೆಕಾರ್ಡಿಂಗ್ ಉಂಟೇ, ರದ್ದು ಮಾಡಿದರೆ ಶುಲ್ಕ ಎಷ್ಟು ಎಂಬುದೆಲ್ಲ ಒಪ್ಪಿಗೆ ಪತ್ರದಲ್ಲಿರುತ್ತದೆ. ಮೇಲಿನ ಪ್ರಕರಣದಲ್ಲಿ ಇದರಲ್ಲಿ ಒಂದೂ ಆಗಿರಲಿಲ್ಲ. ಕರೆ ಕಡಿದಾಗ ಯಾರಿಗೂ ಏನೂ ಮಾಡಲಾಗದೆ ಹೋದದ್ದಕ್ಕೆ ಕಾರಣ ಅದು, ಕೆಟ್ಟ ನೆಟ್‌ವರ್ಕ್ ಅಲ್ಲ.

ಮುಂದೆ ಕಣ್ಣಿಡಬೇಕಾದವು ಕೆಲವಿವೆ: ಇಷ್ಟೇ ಸೆಷನ್‌ಗೆ ವಾಸಿ ಎಂಬ ಭರವಸೆ, ರಾತ್ರಿ ಹೊತ್ತಿನ ಖಾಸಗಿ ಚಾಟ್, ಸಾಲ ಅಥವಾ ಭೇಟಿಯ ಮಾತು, ಮನೆಯವರಿಗೆ ಹೇಳಬೇಡಿ ಎಂಬ ಒತ್ತಾಯ, ಹೊಗಳಿ ರಿವ್ಯೂ ಬರೆಯಿರಿ ಎಂಬ ಕೋರಿಕೆ, ತಿಳಿಸದೆಯೇ ಥೆರಪಿಸ್ಟ್ ಬದಲಾಗುವುದು. ಬರೀ ಪಠ್ಯದಲ್ಲಿ ನಡೆಯುವ ‘ಥೆರಪಿ’ಯಾದರೆ ಉತ್ತರಿಸುತ್ತಿರುವುದು ಮನುಷ್ಯರೋ ಯಂತ್ರವೋ ಎಂದು ನೇರವಾಗಿ ಕೇಳಿ.

ಗುಟ್ಟು ಉಳಿಯುವ ಬಗ್ಗೆಯೂ ಹೇಳಲೇಬೇಕು. 2023ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಗ್ರಾಹಕರ ಇಮೇಲ್ ವಿಳಾಸ ಮತ್ತು ಆರೋಗ್ಯ ಪ್ರಶ್ನಾವಳಿಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೊದಲಾದವಕ್ಕೆ ಹಂಚಿದೆ ಎಂದು ಆರೋಪಿಸಿ, ಗ್ರಾಹಕರಿಗೆ ಮರಳಿಸಲು 78 ಲಕ್ಷ ಡಾಲರ್ ಕಟ್ಟಿಸಿತು. ಫಿನ್ಲೆಂಡಿನ ವಾಸ್ತಾಮೊ ಎಂಬ ಥೆರಪಿ ಕಂಪನಿಯಿಂದ ಸಾವಿರಾರು ಜನರ ಸೆಷನ್ ಟಿಪ್ಪಣಿಗಳೇ ಕಳುವಾಗಿ, 2020ರಲ್ಲಿ ಕಳ್ಳ ಒಬ್ಬೊಬ್ಬ ರೋಗಿಗೂ ಇಮೇಲ್ ಕಳಿಸಿ ಹಣ ಕೇಳಿದ. ಹಾಗಾಗಿ ಥೆರಪಿಸ್ಟ್ ಯಾರೆಂದು ಗೊತ್ತಾಗುವ ಮೊದಲೇ ಆ್ಯಪ್ ಕೇಳುವ ಉದ್ದನೆಯ ಪ್ರಶ್ನಾವಳಿಗೆ ಮನಸ್ಸು ಬಿಚ್ಚಬೇಡಿ. ಐಚ್ಛಿಕ ಪ್ರಶ್ನೆಗಳನ್ನು ಖಾಲಿ ಬಿಡಿ, ಫೇಸ್‌ಬುಕ್ ಖಾತೆಯಿಂದ ಲಾಗಿನ್ ಆಗಬೇಡಿ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಇಮೇಲ್ ಬೇಡವೇ ಬೇಡ. ಫೋನ್ ಮನೆಯಲ್ಲಿ ಎಲ್ಲರ ಕೈಗೂ ಸಿಗುವಂತಿದ್ದರೆ ಸೆಷನ್ ನೆನಪಿಸುವ ಎಸ್‌ಎಂಎಸ್ ಪರದೆಯ ಮೇಲೆ ಕಾಣದಂತೆ ಮಾಡಿಕೊಳ್ಳಿ.

ದುಡ್ಡಿನ ವಿಷಯ ಚಿಕ್ಕದು: ಮೊದಲ ಮೂರು ನಾಲ್ಕು ಸೆಷನ್‌ಗೆ ಒಂದೊಂದಾಗಿಯೇ ಕಟ್ಟಿ. ಈಗಾಗಲೇ ಸಿಕ್ಕಿಕೊಂಡಿದ್ದರೆ, ಜಗಳ ಆಡುವ ಮೊದಲು ಪ್ರೊಫೈಲ್ ಪುಟ, ಚಾಟ್, ರಸೀದಿ, ವಾಪಸಾತಿ ನಿಯಮ ಇಷ್ಟನ್ನೂ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ; ದೂರು ಹೋದ ಕೂಡಲೇ ಪ್ರೊಫೈಲ್ ಮಾಯವಾಗುವುದುಂಟು. ಉಳಿದ ಹಣವನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ, ಕಾರ್ಡ್‌ನಲ್ಲಿ ಕಟ್ಟಿದವರು ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕ ವಾಪಸ್ ಕೇಳುವ, ಅರ್ಜಿ ಹಾಕಿ, ಅದಕ್ಕೆ ಕಾಲಮಿತಿ ಇರುವುದರಿಂದ ತಡ ಮಾಡಬೇಡಿ. ನೋಂದಣಿ ಇರುವವರಾದರೆ ದೂರು ಅವರ ಮಂಡಳಿಗೆ. ಇಲ್ಲದವರಾದರೆ ಗ್ರಾಹಕ ವೇದಿಕೆಗೆ, ಸುಳ್ಳು ನಂಬರ್ ಹಾಕಿದ್ದರೆ ಪೊಲೀಸರಿಗೂ.

ಹೊಸ ಥೆರಪಿಸ್ಟ್‌ಗೆ ಕಳಿಸಲು ಸಂದೇಶ ಕೆಳಗಿದೆ, ‘ಇಂಥ ಕಡೆ’ ಎಂದಿರುವಲ್ಲಿ ನೀವಿರುವ ಜಾಗ ಬರೆದು ನಕಲು ಮಾಡಿಕೊಳ್ಳಿ.

“ನಮಸ್ಕಾರ. ಸೆಷನ್ ಗೊತ್ತುಪಡಿಸುವ ಮೊದಲು ದಯವಿಟ್ಟು ತಿಳಿಸಿ: ರಿಜಿಸ್ಟರ್‌ನಲ್ಲಿರುವಂತೆ ನಿಮ್ಮ ಪೂರ್ತಿ ಹೆಸರು, ನೋಂದಣಿ ಯಾವ ಮಂಡಳಿಯಲ್ಲಿ, ಯಾವ ವರ್ಗದಲ್ಲಿ, ನಂಬರ್ ಎಷ್ಟು? ನಾನು ಇರುವುದು ಇಂಥ ಕಡೆ, ಅಲ್ಲಿರುವವರಿಗೆ ಸೆಷನ್ ಕೊಡಲು ನಿಮಗೆ ಅನುಮತಿ ಇದೆಯೇ? ನಾನು ಮನೋವೈದ್ಯರಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರ ಜೊತೆ ಮಾತಾಡಿಕೊಂಡು ಕೆಲಸ ಮಾಡುವಿರಾ? ತುರ್ತು ಪರಿಸ್ಥಿತಿ ಬಂದರೆ ನೀವು ಅನುಸರಿಸುವ ಕ್ರಮ ಏನು? ಒಂದೊಂದೇ ಸೆಷನ್‌ಗೆ ಹಣ ಕಟ್ಟಬಹುದೇ?”