ಸಿಲಿಕೋನ್ ಹೀಲ್ ಕಪ್: ವರ್ಷ ದಾಟಿದ ಬಳಕೆಯ ನಂತರ

ಹಿಮ್ಮಡಿ ನೋವಿಗೆಂದು ಶೂ ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಹೀಲ್ ಕಪ್‌ಗಳನ್ನು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದ್ದೇನೆ. ಒಳ್ಳೆಯ ವಸ್ತು. ಆದರೆ ನೋವು ಹಿಮ್ಮಡಿಯ ಯಾವ ಜಾಗದ್ದು ಎಂದು ತಿಳಿಯದೆ ಕೊಳ್ಳಬೇಡಿ.

ನನಗಿರುವುದು ಪ್ಲಾಂಟರ್ ಫೇಸಿಯೈಟಿಸ್. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ದಪ್ಪನೆಯ ಪಟ್ಟಿಯೊಂದು ಹಬ್ಬಿದೆ. ಅದು ಮೂಳೆಗೆ ಅಂಟಿಕೊಳ್ಳುವಲ್ಲಿ, ಅಂದರೆ ತಳದಲ್ಲಿ ಸ್ವಲ್ಪ ಒಳಮಗ್ಗುಲಿಗೆ, ಜಗ್ಗಿ ಜಗ್ಗಿ ಹಾಳಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೆ ಮೊಳೆ ತುಳಿದಂತಹ ನೋವು; ಸ್ವಲ್ಪ ಓಡಾಡಿದರೆ ಸಡಿಲ; ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಅದೇ. ಎಕ್ಸ್‌ರೇಯಲ್ಲಿ ಎಲುಬು ಬೆಳೆದದ್ದು ಕಂಡರೆ ಎಷ್ಟೋ ಜನ ಕಂಗಾಲಾಗುತ್ತಾರೆ. ಹೆದರಬೇಡಿ, ನೋವೇ ಇಲ್ಲದ ಅನೇಕರ ಹಿಮ್ಮಡಿಯಲ್ಲೂ ಅಂಥ ಬೆಳವಣಿಗೆ ಇರುತ್ತದೆ.

ಕಪ್ ಮಾಡುವ ಕೆಲಸ ಸರಳ: ಹೆಜ್ಜೆ ಊರಿದಾಗಿನ ಪೆಟ್ಟನ್ನು ಹೀರಿಕೊಳ್ಳುತ್ತದೆ, ಹಿಮ್ಮಡಿಯನ್ನು ಕೊಂಚ ಮೇಲೆತ್ತುತ್ತದೆ. ಬಹಳ ಹೊತ್ತು ನಿಲ್ಲಬೇಕಾದ ದಿನಗಳಲ್ಲಿ ಅದರ ಬೆಲೆ ನನಗೆ ಗೊತ್ತಾಗಿದೆ. ಒಂದೇ ಕಾಲು ನೋಯುತ್ತಿದ್ದರೂ ಎರಡೂ ಶೂಗಳಿಗೆ ಹಾಕಿ, ಇಲ್ಲದಿದ್ದರೆ ಎತ್ತರ ಏರುಪೇರಾಗುತ್ತದೆ. ದೂಳು ಕೂತಂತೆ ಅಂಟು ಕಡಿಮೆಯಾಗಿ ಕಪ್ ಮುಂದಕ್ಕೆ ಜಾರುತ್ತದೆ. ಸೋಪು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಮತ್ತೆ ಹಿಡಿಯುತ್ತದೆ. ನನ್ನ ಮೊದಲ ಜೋಡಿ ನಡುವಿನಲ್ಲಿ ತೆಳುವಾಗಿ, ಒತ್ತಿದರೆ ಮರಳಿ ಉಬ್ಬದಂತಾಗಿತ್ತು. ಆಗ ಬದಲಿಸಲೇಬೇಕು. ಬಿಗಿಯಾದ ಶೂಗೆ ಇದು ಸೇರುವುದಿಲ್ಲ.

ದೊಡ್ಡ ಕೊರತೆಯೆಂದರೆ, ನೋವು ಅತಿ ಹೆಚ್ಚಿರುವ ಆ ಬೆಳಗಿನ ಹೆಜ್ಜೆಗೆ ಕಪ್ ಒದಗುವುದಿಲ್ಲ, ಅದು ಶೂ ಒಳಗಿರುತ್ತದೆ. ಅಲ್ಲಿ ನೆರವಾದದ್ದು ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮ. ಹಾಸಿಗೆಯ ಅಂಚಿನಲ್ಲಿ ಕುಳಿತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯಬೇಕು. ಇನ್ನೊಂದು ಕೈಯಿಂದ ಅಂಗಾಲನ್ನು ಮುಟ್ಟಿದರೆ ಪಟ್ಟಿ ಬಿಗಿಯಾದದ್ದು ತಿಳಿಯುತ್ತದೆ. 10 ಸೆಕೆಂಡು ಹಿಡಿದು ಬಿಡುವುದು, 10 ಸಲ, ನೆಲಕ್ಕೆ ಕಾಲಿಡುವ ಮೊದಲು. ಜೊತೆಗೆ ಗೋಡೆಗೆ ಕೈಯೊತ್ತಿ ಮೀನಖಂಡವನ್ನು ಎಳೆಯುವುದು. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 8 ವಾರಗಳ ನಂತರ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಶೇ. 72 ಮಂದಿಗೆ, ಜೊತೆಗೆ ಸಿಲಿಕೋನ್ ಕಪ್ ಬಳಸಿದವರಲ್ಲಿ ಶೇ. 95 ಮಂದಿಗೆ ನೋವು ಕಡಿಮೆಯಾಗಿತ್ತು. ಎರಡೂ ಕೂಡಿದರೆ ಹೆಚ್ಚು ಲಾಭ ಎಂಬುದು ನನ್ನ ಅನುಭವವೂ ಹೌದು. ಆದರೂ ತಾಳ್ಮೆ ಬೇಕು. ಪೂರ್ತಿ ಗುಣಕ್ಕೆ ಹಲವು ತಿಂಗಳು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಬೇಗ ಮುಗಿಯಲೆಂದು ಸ್ಟೀರಾಯ್ಡ್ ಚುಚ್ಚುಮದ್ದಿಗೆ ಆತುರಪಡುವವರು, ಅದರ ಶಮನ ತಾತ್ಕಾಲಿಕವೆಂದೂ ಪಟ್ಟಿ ಹರಿಯುವ ಅಪಾಯವಿದೆಯೆಂದೂ ತಿಳಿದಿರಲಿ.

ಎಲ್ಲ ಹಿಮ್ಮಡಿ ನೋವೂ ಇದೇ ಅಲ್ಲ. ತಳದ ನಟ್ಟನಡುವೆ, ಗಟ್ಟಿ ನೆಲದ ಮೇಲೆ ಜಜ್ಜಿದಂತೆ ನೋಯುತ್ತಿದ್ದರೆ ಅಲ್ಲಿನ ಕೊಬ್ಬಿನ ಮೆತ್ತೆ ಸವೆದಿರಬಹುದು. ಅದಕ್ಕೆ ಕಪ್ ಚೆನ್ನಾಗಿಯೇ ಹೊಂದುತ್ತದೆ. ಹಿಂಭಾಗದ ನೋವು ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜುವಿನದಾಗಿರಬಹುದು, ಅದರ ವ್ಯಾಯಾಮ ಬೇರೆ. ಉರಿ, ಜೋಮು ಇದ್ದರೆ ನರದ ತೊಂದರೆಯನ್ನು ಪರೀಕ್ಷಿಸಬೇಕು. ಹಿಮ್ಮಡಿಯನ್ನು ಎರಡೂ ಪಕ್ಕಗಳಿಂದ ಅಮುಕಿದಾಗ ವಿಪರೀತ ನೋಯುವುದು, ಊತ, ಜ್ವರ, ಮಲಗಿದ್ದಾಗಲೂ ಬಿಡದ ನೋವು ಇವುಗಳಲ್ಲಿ ಯಾವುದಿದ್ದರೂ ಕಪ್ ಕೊಳ್ಳುವ ಯೋಚನೆ ಬಿಟ್ಟು ಮೂಳೆ ವೈದ್ಯರನ್ನು ಕಾಣಿರಿ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಂತೂ ವೈದ್ಯರನ್ನು ಕೇಳದೆ ಶೂ ಒಳಗೆ ಏನನ್ನೂ ಇಡಬಾರದು; ಉಜ್ಜಿ ಗಾಯವಾದರೂ ಅವರಿಗೆ ತಿಳಿಯುವುದಿಲ್ಲ.